ಗಾಜು ಕೂರಿಸುತ್ತಿದ್ದವರು

ಅವರು ಯಾವಾಗಲೂ ಬಿಳಿ ಅಂಗಿ ತೊಡುತ್ತಿದ್ದರು ಎಂದು ಬರೆದು ಹೊಡೆದುಹಾಕಿದ್ದೇನೆ. ನನ್ನ ನೆನಪಿನಲ್ಲಿ ಅದು ಬಿಳಿಯೇ. ತುಂಬುತೋಳಿನದು, ಇಸ್ತ್ರಿ ಮಾಡಿದ್ದು, ಪ್ಯಾಂಟಿನೊಳಗೆ ಸೇರಿಸಿದ್ದು. ಆದರೆ ಹೋದ ವಾರ ಅವರ ಹೆಂಡತಿ ನಕ್ಕುಬಿಟ್ಟರು. "ಬಿಳಿ ಎಲ್ಲಿ ಮೇಡಂ? ಕರಿ ಗಮ್ಮಿನ ಕೆಲ್ಸ. ಬಿಳಿ ಹಾಕಿದ್ರೆ ಒಗೆದೂ ಒಗೆದೂ ನಾನು ಅವ್ರಿಗಿಂತ ಮೊದ್ಲು ಹೋಯ್ತಿದ್ದೆ."

ಹಾಗಾದರೆ ನಾನು ಕಂಡ ಬಿಳಿ ಎಲ್ಲಿಂದ ಬಂತೋ ತಿಳಿಯದು. ಸತ್ತವರಿಗೆ ಒಳ್ಳೆಯ ಬಟ್ಟೆ ತೊಡಿಸುವ ಚಪಲ ನೆನಪಿಗೂ ಇರಬೇಕು. ಇಲ್ಲಿ ಬರೆಯುವುದರಲ್ಲಿ ಇಂಥ ತಪ್ಪುಗಳು ಇನ್ನೂ ಇರಬಹುದು. ಅವರ ಮಾತುಗಳು ಅದೇ ಪದಗಳಲ್ಲಿ ಇರಲಾರವು. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದೂ ಅಲ್ಲಲ್ಲಿ ಕಲಸಿಹೋಗಿದೆ. ಒಂದು ಮಧ್ಯಾಹ್ನದ ಮಟ್ಟಿಗೆ ಮಾತ್ರ, ನಾನು ಕಂಡದ್ದು ಯಾವುದು, ಕಾಣದ್ದು ಯಾವುದು ಎಂದು ಬೇರ್ಪಡಿಸಿ ಹೇಳಬಲ್ಲೆ.

ಬೋಗಾದಿ ಕಡೆ ಹೋಗುವ ರಸ್ತೆಯಲ್ಲಿ, ಒಂದು ಪಿ.ಜಿ.ಗೂ ಸಿಮೆಂಟ್ ಅಂಗಡಿಗೂ ನಡುವೆ ಅವರ ಮಳಿಗೆ ಇತ್ತು. ಕಾರಿನ ಮುಂದಿನ ಗಾಜು ಒಡೆದರೆ ತೆಗೆದು ಹೊಸದು ಕೂರಿಸುವುದು ಅವರ ಕೆಲಸ. ಸುತ್ತಲಿನವರು 'ಗ್ಲಾಸಣ್ಣ' ಎನ್ನುತ್ತಿದ್ದರು. ಅವರಿಗೆ ಅದು ಹಿಡಿಸುತ್ತಿರಲಿಲ್ಲ. ಮೊದಲು ದೊಡ್ಡದೊಂದು ಷೋರೂಮಿನಲ್ಲಿದ್ದರಂತೆ, ಅಲ್ಲಿನ ಮ್ಯಾನೇಜರು ಏಕವಚನದಲ್ಲಿ ಕರೆದನೆಂದು ಕೆಲಸ ಬಿಟ್ಟರಂತೆ. ಅಂತೆ ಎಂದು ಏಕೆ ಬರೆಯುತ್ತೇನೆಂದರೆ ಇದನ್ನು ಹೇಳಿದವರು ಅವರೇ, ಮತ್ತು ತಮ್ಮ ಬಗ್ಗೆ ಹೇಳುವಾಗ ಅವರು ಒಂದು ಗೇಣು ಹೆಚ್ಚೇ ಎತ್ತರವಾಗುತ್ತಿದ್ದರು.

ಏಕವಚನದ ವಿಷಯವನ್ನು ಮಾತ್ರ ನಾನೇ ಕಣ್ಣಾರೆ ಕಂಡಿದ್ದೇನೆ. ನನ್ನ ಪುಟ್ಟ ಕಾರಿನ ಗಾಜು ಬಿರುಕು ಬಿಟ್ಟು ಅಲ್ಲಿ ಕಾಯುತ್ತಿದ್ದಾಗ ಒಬ್ಬ ಗಿರಾಕಿ ಬೈಕಿನಿಂದ ಇಳಿಯದೆಯೇ ಕೂಗಿದ. "ಏಯ್, ನನ್ ಗಾಡಿ ಯಾವಾಗ ಕೊಡ್ತೀಯ?"

"ನೀನು ಇಳಿದು ಬಂದಾಗ ಕೊಡ್ತೀನಿ."

"ಏನಯ್ಯಾ, ನೀನು ಅಂತೀಯ?"

"ನೀನೇ ಶುರು ಮಾಡಿದ್ದಲ್ಲಯ್ಯಾ. ಅದೇ ಚೆನ್ನಾಗದೆ ಅನ್ಕೊಂಡೆ."

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ಬಂತು ನೋಡಿ. ಇನ್ನೊಂದು ಗಿರಾಕಿ ಹೋಯ್ತು."

ಕೆಲಸದಲ್ಲಿ ಅವರ ಜೊತೆಗಿದ್ದದ್ದು ಹೆಂಡತಿಯೇ. ದೊಡ್ಡ ಗಾಜನ್ನು ಎತ್ತಿ ಕೂರಿಸಲು ಇಬ್ಬರು ಬೇಕು. ಗಾಜಿಗೆ ಹೀರಿ ಅಂಟಿಕೊಳ್ಳುವ ರಬ್ಬರಿನ ಹಿಡಿಗಳನ್ನು ಹಿಡಿದು ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಕೆಲಸಕ್ಕೆ ಇಟ್ಟುಕೊಂಡವರೆಲ್ಲ ಅವರ ಬಾಯಿಗೆ ಹೆದರಿ ಓಡಿದ್ದರಿಂದ ಆಕೆಯೇ ಬರತೊಡಗಿದರಂತೆ. ಗಂಡ ಹೆಂಡತಿ ದಿನವಿಡೀ ಜಗಳವಾಡಿಕೊಂಡಿರುತ್ತಿದ್ದರು. ಗಾಜು ಕೈಗೆ ಬಂದೊಡನೆ ಜಗಳ ನಿಲ್ಲುತ್ತಿತ್ತು.

ಅವರು ತಪ್ಪೇ ಮಾಡದವರೇನಲ್ಲ. ಒಮ್ಮೆ ಯಾರದೋ ಕಾರಿನ ಹೊಸ ಗಾಜು ಅವರ ಕೈಯಲ್ಲೇ ಚಟ್ಟೆಂದು ಸೀಳಿತು. ಅವರು ಗಾಜನ್ನು ಬೈದರು, ಗಾಜು ಕಳಿಸಿದವರನ್ನು ಬೈದರು, ಆ ಹೊತ್ತಿಗೆ ಹಾರನ್ ಮಾಡಿದ ನಗರ ಸಾರಿಗೆ ಬಸ್ಸನ್ನೂ ಬೈದರು. ತಮ್ಮೊಬ್ಬರನ್ನು ಬಿಟ್ಟು ಎಲ್ಲರನ್ನೂ. ಈ ಕತೆಯನ್ನು ನಾನು ಅಕ್ಕನ ಮನೆಯಲ್ಲಿ ಅಭಿನಯ ಸಹಿತ ಹೇಳಿ ಎಲ್ಲರನ್ನೂ ನಗಿಸಿದ್ದೆ.

ಗಾಜಿನ ಮೇಲಿನ ಸ್ಟಿಕ್ಕರುಗಳೆಂದರೆ ಅವರಿಗೆ ಆಗದು. ಒಡೆದ ಗಾಜಿನಿಂದ ದೇವರ ಚಿತ್ರವನ್ನು ಬಿಡಿಸಿ ಹೊಸದಕ್ಕೆ ಅಂಟಿಸಿಕೊಡಿ ಎಂದು ಜನ ಕೇಳುತ್ತಿದ್ದರು. ಹೆಂಡತಿ ಕೂದಲು ಒಣಗಿಸುವ ಡ್ರೈಯರು ಹಿಡಿದು ಬಿಸಿ ಗಾಳಿ ಊದಿ ಊದಿ, ದೇವರ ಕಿರೀಟ ಹರಿಯದಂತೆ ಬಿಡಿಸುತ್ತಿದ್ದರು. ಗಂಡ ಪಕ್ಕದಲ್ಲಿ ನಿಂತು ಗೊಣಗುವುದು. ಈಗಿನ ದುಬಾರಿ ಗಾಡಿಗಳಲ್ಲಿ ಗಾಜಿನ ಒಳಗೆ, ಕನ್ನಡಿಯ ಹಿಂದೆ, ರಸ್ತೆ ನೋಡುವ ಕ್ಯಾಮೆರಾ ಇರುತ್ತದೆ. ಎದುರಿಗೆ ಏನಾದರೂ ಬಂದರೆ ಗಾಡಿ ತಾನೇ ಬ್ರೇಕ್ ಹಾಕುವುದು ಅದರಿಂದ. ಜನ ಸ್ಟಿಕ್ಕರನ್ನು ಸರಿಯಾಗಿ ಅದರ ಮುಂದೆಯೇ ಅಂಟಿಸಿ ಎನ್ನುತ್ತಿದ್ದರು. "ದೇವ್ರು ನಿಮ್ಮ ಕಣ್ಣ ಮುಂದೆ ಇರ್ಲಿ ಸಾಮಿ, ಗಾಡಿ ಕಣ್ಣ ಮುಂದೆ ಬ್ಯಾಡ" ಎಂದು ಅವರು ಕೈ ಮುಗಿಯುತ್ತಿದ್ದರು. ಆ ಮುಗಿಯುವಿಕೆಯಲ್ಲಿ ಭಕ್ತಿ ಇರಲಿಲ್ಲ.

ಗಾಜು ಕೂತ ಮೇಲೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ಏನು ಕೇಳಿಸುತ್ತದೆ ಎಂದು ಕೇಳಿದ್ದಕ್ಕೆ, "ಏನೂ ಇಲ್ಲ, ಗಿರಾಕಿಗೆ ನಂಬಿಕೆ ಬರ್ಲಿ ಅಂತ" ಎಂದು ಕಣ್ಣು ಮಿಟುಕಿಸಿದ್ದರು. ನನಗೆ ಅವರು ಇಷ್ಟವಾದದ್ದು ಆಗಲೇ ಇರಬೇಕು.

ನನ್ನ ಅಕ್ಕನ ಗಂಡನಿಗೆ ಕಡಕೊಳದಲ್ಲಿ ಸಣ್ಣದೊಂದು ಕಾರ್ಖಾನೆ ಇದೆ. ಅವರ ಅಪ್ಪ ರಾಗಿ ಹೊಲ ಉತ್ತವರು, ಭಾವ ಹತ್ತಲು ಮೆಟ್ಟಿಲಿರುವಷ್ಟು ಎತ್ತರದ ವಿದೇಶಿ ಗಾಡಿ ಕೊಂಡವರು. ಅದರಲ್ಲಿ ತಪ್ಪೇನಿಲ್ಲ, ದುಡಿದಿದ್ದಾರೆ. ನಂಜನಗೂಡು ರಸ್ತೆಯಲ್ಲಿ ಜಲ್ಲಿ ಲಾರಿಯಿಂದ ಕಲ್ಲು ಸಿಡಿದು ಆ ಗಾಡಿಯ ಗಾಜಿಗೆ ಜೇಡರ ಬಲೆ ಬಿತ್ತು. ಕಂಪನಿಯವರು ಕಾಯಿಸತೊಡಗಿದರು. ನಾನು ಈ ಗಾಜಿನವರ ಹೆಸರು ಹೇಳಿದೆ. ಅಂಗಡಿಯ ಧೂಳಿನಲ್ಲಿ ತನ್ನ ಗಾಡಿ ನಿಲ್ಲಿಸುವುದಿಲ್ಲ, ಮನೆಗೇ ಬರಬೇಕು ಎಂದರು ಭಾವ. ಗಂಡ ಹೆಂಡತಿ ಇಬ್ಬರೂ ಬೇಕಾದ ಗಾಜು ತರಿಸಿಕೊಂಡು ಒಂದು ಭಾನುವಾರ ಬೆಳಿಗ್ಗೆ ಬಂದರು. ನಾನು ಅಲ್ಲಿಗೆ ಊಟಕ್ಕೆ ಹೋಗಿದ್ದೆ.

ಬಂದವರೇ ಅವರು ಕೇಳಿದ್ದು, "ಯಾರ್ರೀ ಈಗ ಗಾಡಿ ತೊಳ್ದಿದ್ದು? ಗಾಜು ಕೂರೋ ಜಾಗ ಒಣಗಿರ್ಬೇಕಲ್ವಾ?"

"ನೀವು ಬರ್ತೀರ ಅಂತಲೇ ಡ್ರೈವರ್ ಕೈಲಿ ಚೊಕ್ಕ ಮಾಡ್ಸಿದ್ದು" ಎಂದಳು ಅಕ್ಕ. ಅವರು ಗೊಣಗಿಕೊಂಡು ಅಂಚುಗಳನ್ನೆಲ್ಲ ಒರೆಸುತ್ತ ಕೂತರು. ಇದನ್ನು ನೆನಪಿಡಬೇಕು. ಗಾಡಿ ಆ ಬೆಳಿಗ್ಗೆ ತೊಳೆದದ್ದಾಗಿತ್ತು.

ಹೆಂಡತಿ ಒಳಗೆ, ಗಂಡ ಹೊರಗೆ ನಿಂತು ತೆಳು ತಂತಿಯನ್ನು ಎಳೆದೆಳೆದು ಹಳೆಯ ಗಾಜಿನ ಗಮ್ಮನ್ನು ಕುಯ್ದರು. ಗಾಜು ಹೊರಬಂದಾಗ ಆ ಭರ್ಜರಿ ಗಾಡಿ ಹಲ್ಲು ಬಿದ್ದ ಬಾಯಿಯಂತೆ ಕಂಡಿತು. ಚೌಕಟ್ಟಿನ ಸುತ್ತ ಕರಿ ಗಮ್ಮನ್ನು ಎಲ್ಲೂ ಕಡಿಯದಂತೆ ಒಂದೇ ಗೆರೆಯಾಗಿ ಹಾಕಿ, ಇಬ್ಬರೂ ಹೊಸ ಗಾಜು ಎತ್ತಿದರು.

"ಬುಡ್ಲಾ?"

"ತಡೀರಿ. ಎಡಕ್ಕೊಸಿ."

"ಬುಡ್ಲಾ ಈಗ?"

"ಹೂಂ, ಬುಡಿ."

ಗಾಜು ಕೂತಿತು. ಮೇಲಿನ ಅಂಚಿಗೆ, ಪಕ್ಕಗಳಿಗೆ ನೀಲಿ ಟೇಪು ಹಚ್ಚಿದರು.

ಭಾವನ ತಾಯಿ ಅಷ್ಟು ಹೊತ್ತೂ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಅಕ್ಕನ ಈ ಅತ್ತೆಗೆ ಯಾರನ್ನು ಕಂಡರೂ ಊರು ಕೇಳುವ ಅಭ್ಯಾಸ.

"ಯಾವೂರಪ್ಪ ನಿಂದು?"

ವಯಸ್ಸಾದವರ ಏಕವಚನಕ್ಕೆ ಅವರು ತಕರಾರು ಮಾಡಲಿಲ್ಲ. "ನಂಜನಗೂಡು ಕಡೆ ಕಣಮ್ಮ."

"ಯಾರ ಪೈಕಿ?"

"ಗಾಜಿನ ಪೈಕಿ."

ಅವರ ಹೆಂಡತಿ ಕಿಸಕ್ಕೆಂದರು. ಅತ್ತೆ ನಗಲಿಲ್ಲ. "ತಮಾಸೆ ಬ್ಯಾಡ ಕಣಪ್ಪ. ಸುಮ್ನೆ ಕೇಳ್ದೆ."

"ನಾವು ಬೌದ್ಧರು ಕಣಮ್ಮ."

"ಅಂಗಂದ್ರೆ? ಮುಂಚೆ ಏನಾಗಿದ್ರಿ?"

"ಆ ಮುಂಚೆನ ಬುಟ್ಟು ಬಂದಿರೋದಕ್ಕೇ ಬೌದ್ಧರು."

ಅತ್ತೆ ಸೆರಗು ಕೊಡವಿ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕಾಫಿ ಬಂತು. ನನಗೆ ಸ್ಟೀಲ್ ಲೋಟದಲ್ಲಿ, ಅವರಿಬ್ಬರಿಗೆ ಕಾಗದದ ಲೋಟದಲ್ಲಿ. ಅಕ್ಕನ ಮನೆಯಲ್ಲಿ ಕಾಗದದ ಲೋಟಗಳಿವೆ ಎಂದೇ ನನಗೆ ಗೊತ್ತಿರಲಿಲ್ಲ. ಅವರು ತಮ್ಮ ಲೋಟವನ್ನು ಕಾಂಪೌಂಡ್ ಗೋಡೆಯ ಮೇಲೆ ಇಟ್ಟು ಮತ್ತೆ ಅದರ ಕಡೆ ನೋಡಲಿಲ್ಲ. ಹೆಂಡತಿ ತನ್ನದನ್ನು ಕುಡಿದು, ಆಮೇಲೆ ಅವರದನ್ನೂ ಕುಡಿದರು. "ಕಾಫಿ ಏನ್ಮಾಡ್ತು ಪಾಪ" ಎಂದರು, ಯಾರಿಗೋ ಎಂಬಂತೆ.

ಕೊನೆಗೆ ಅವರು ಓಡಿಸುವವರ ಸೀಟಿನಲ್ಲಿ ಹೋಗಿ ಕೂತರು. ಭಾವ ಹತ್ತಿರ ಬಂದು, "ಅಲ್ಲಿ ಕೂರ್ಲೇಬೇಕಾ?" ಎಂದರು.

"ಓಡ್ಸೋರ ಕಣ್ಣಿಂದ ನೋಡ್ದೆ ಗಾಜು ಸರಿ ಅದೆ ಅಂತ ಎಂಗೆ ಹೇಳ್ಲಿ?"

ಹೆಂಡತಿ ಇನ್ನೊಂದು ಬದಿಯಿಂದ ಹತ್ತಿ ಪಕ್ಕದಲ್ಲಿ ಕೂತರು. ಕೆನೆ ಬಣ್ಣದ ಚರ್ಮದ ಸೀಟಿಗೆ ಅವರು ಒರಗಿದರು, ಸ್ಟಿಯರಿಂಗ್ ಮೇಲೆ ಕೈ ಇಟ್ಟರು. ಇಬ್ಬರೂ ಹೊಸ ಗಾಜಿನಾಚೆ ನೋಡುತ್ತ ಕೂತಿದ್ದರು. ಅಲ್ಲಿ ನೋಡಲು ಇದ್ದದ್ದು ಕಾಂಪೌಂಡ್ ಗೋಡೆ, ಅದರ ಮೇಲೆ ಖಾಲಿ ಕಾಗದದ ಲೋಟ. ಆಕೆ ಏನೋ ಹೇಳಿದರು, ಅವರು ನಕ್ಕರು. ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೂತರೇ? ಕೂತರು ಎಂದು ಅನ್ನಿಸುತ್ತದೆ. ಬೇಕೆಂದೇ ಕೂತರು ಎಂದು ಅಂದುಕೊಳ್ಳಲು ನನಗೆ ಇಷ್ಟ. ಇಷ್ಟವಾದ್ದನ್ನು ನಂಬಬಾರದು ಎಂದೂ ಗೊತ್ತು.

ಹೊರಡುವಾಗ ಭಾವನಿಗೆ, ಅಕ್ಕನಿಗೆ, ಮತ್ತೆ ನನಗೆ ಒಂದೇ ಮಾತು ಹೇಳಿದರು. ಗಮ್ಮು ಹಿಡಿಯಲು ಹೊತ್ತು ಬೇಕು. ನಾಳೆ ತಾನು ಬರುವ ತನಕ ಟೇಪು ಕೀಳಬಾರದು, ಬಾಗಿಲು ಧಡಾರನೆ ಹಾಕಬಾರದು, ಕಿಟಕಿ ಒಂದು ಬೆರಳಷ್ಟು ತೆರೆದಿರಬೇಕು. "ನೀರು ಮಾತ್ರ ಹಾಕ್ಲೇಬೇಡಿ. ನಾಳೆ ಬಂದು ಗಾಡಿಗೆ ಕಣ್ಣು ಕೊಡ್ತೀನಿ." ಹೊಸ ಗಾಜಿಗೆ ಹೊಂದುವಂತೆ ಕ್ಯಾಮೆರಾವನ್ನು ಸರಿಪಡಿಸುವುದನ್ನು ಅವರು ಹಾಗೆ ಕರೆಯುತ್ತಿದ್ದರು.

ಊಟವಾದ ಮೇಲೆ ನಾನು ಮಹಡಿಯಲ್ಲಿ ಮಲಗಿದ್ದೆ. ಪಂಪಿನ ಸದ್ದಿಗೆ ಎಚ್ಚರವಾಗಿ ಬಾಲ್ಕನಿಗೆ ಬಂದೆ. ಕೆಳಗೆ ಭಾವ ಪಂಚೆ ಎತ್ತಿ ಕಟ್ಟಿ, ರಭಸದ ನೀರಿನ ಪೈಪು ಹಿಡಿದು ಗಾಡಿ ತೊಳೆಯುತ್ತಿದ್ದರು. ಅವರು ತಮ್ಮ ಕೈಯಾರೆ ಗಾಡಿ ತೊಳೆದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ನೀರು ಗಾಜಿನ ಅಂಚಿಗೇ ಬಡಿಯುತ್ತಿತ್ತು. ನೀಲಿ ಟೇಪುಗಳು ಸುರುಟಿಕೊಂಡು ಚರಂಡಿಯ ಜಾಲರಿಗೆ ಸಿಕ್ಕಿದ್ದವು. ಇಷ್ಟು ಖಂಡಿತ.

ಮೆಟ್ಟಿಲ ಮೇಲೆ ಅತ್ತೆ ನಿಂತಿದ್ದರು. ಅವರ ಕೈಯಲ್ಲಿ ಚೊಂಬು ಮತ್ತು ಮಾವಿನೆಲೆ ಇತ್ತು ಎಂದು ನೆನಪು ಹೇಳುತ್ತದೆ, ಆದರೆ ಅದು ಆಮೇಲೆ ನಾನು ಸೇರಿಸಿದ್ದೂ ಆಗಿರಬಹುದು. ಓಡಿಸುವವರ ಬದಿಯ ಬಾಗಿಲು ತೆರೆದಿತ್ತು. ಅಕ್ಕ ಅಲ್ಲಿ ಒಳಕ್ಕೆ ಬಗ್ಗಿದ್ದಳು. ಮೇಲಿನಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ.

"ಭಾವ, ನೀರು ಹಾಕ್ಬೇಡಿ ಅಂದಿದ್ರಲ್ಲ!" ಎಂದು ಕೂಗಿದೆ. ಭಾವ ತಲೆ ಎತ್ತಿ ನೋಡಿ ಕೈ ಬೀಸಿದರು. ಕೇಳಿಸಿತೋ ಇಲ್ಲವೋ. ಆಮೇಲೆ ಬಾಗಿಲು ಧಡಾರೆಂದು ಮುಚ್ಚಿತು.

ಮಾರನೆಯ ದಿನ ನಾನಿರಲಿಲ್ಲ. ನಡೆದದ್ದನ್ನು ಗಾಜಿನವರ ಹೆಂಡತಿ ಹೇಳಿದ್ದು. ಅವರು ಹೋಗಿ ನೋಡಿದಾಗ ಟೇಪು ಒಂದೂ ಇಲ್ಲ, ಮೇಲಿನ ಮೂಲೆಯಲ್ಲಿ ಗಾಜು ಜರುಗಿದೆ. ಯಾರು ಕಿತ್ತಿದ್ದು ಎಂದು ಕೇಳಿದರೆ, "ತಾನೇ ಬಿದ್ದೋಯ್ತು" ಎಂದರಂತೆ ಭಾವ. ಪೂರ್ತಿ ತೆಗೆದು ಮತ್ತೆ ಕೂರಿಸಬೇಕು, ಅಲ್ಲಿಯವರೆಗೆ ಓಡಿಸಬೇಡಿ ಎಂದರಂತೆ ಇವರು. "ನಿನ್ ತಪ್ಪಿಗೆ ನಾನ್ಯಾಕಯ್ಯ ಗಾಡಿ ನಿಲ್ಲಿಸ್ಲಿ?" ಇವರೂ ಏಕವಚನಕ್ಕೆ ಏಕವಚನ ಕೊಟ್ಟು, ಗಾಡಿಗೆ ಕಣ್ಣು ಕೊಡದೆ ಬಂದರು.

ಭಾವ ಓಡಿಸಿದರು. ಕಾರ್ಖಾನೆಗೆ ದೊಡ್ಡ ಕೆಲಸ ಕೊಡಲಿದ್ದವರೊಬ್ಬರನ್ನು ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಕರೆತರುವಾಗ ಮಳೆ ಹಿಡಿಯಿತು. ಗಾಜಿನ ಮೇಲಂಚಿನಿಂದ ನೀರು ಇಳಿದು ಅತಿಥಿಯ ತೊಡೆಯ ಮೇಲೆ ತೊಟ್ಟಿಕ್ಕಿತು. ಎದುರಿನ ಪರದೆಯಲ್ಲಿ ಕೆಂಪು ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಯಾರೂ ಇಲ್ಲದ ರಸ್ತೆಯಲ್ಲಿ ಗಾಡಿ ತಾನೇ ಬ್ರೇಕ್ ಹಾಕಿ ನಿಂತಿತು. ಯಾರಿಗೂ ಏಟಾಗಲಿಲ್ಲ. ಅವಮಾನವಾಯಿತು, ಅಷ್ಟೇ. ಆ ಅವಮಾನವನ್ನು ಭಾವ ಗಾಜು ಕೂರಿಸಿದವರ ತಲೆಗೆ ಕಟ್ಟಿದರು.

ಕಾರ್ಖಾನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ, ಬಡಾವಣೆಯವರ ಗುಂಪಿನಲ್ಲಿ ಅವರ ಅಂಗಡಿಯ ಚಿತ್ರ ಹಾಕಿ ಭಾವ ಬರೆದದ್ದನ್ನು ಅಕ್ಕನ ಫೋನಿನಲ್ಲಿ ಓದಿದೆ. 'ಇವನ ಕೈಗೆ ಗಾಡಿ ಕೊಡಬೇಡಿ. ಅರೆಬರೆ ಕಲಿತವನು. ಪ್ರಾಣಕ್ಕೆ ಅಪಾಯ.' ಕೆಳಗೆ ಹೆಬ್ಬೆರಳುಗಳ ಸಾಲು. ಒಬ್ಬರು, 'ಇಂಥವರೆಲ್ಲ ಇಂಥ ಕೆಲಸಕ್ಕೆ ಬಂದರೆ ಹೀಗೇ' ಎಂದು ಬರೆದಿದ್ದರು. ಎಂಥವರು ಎಂದು ಯಾರೂ ಕೇಳಿರಲಿಲ್ಲ. ಮೊದಲು ದೊಡ್ಡ ಗಾಡಿಗಳು ಬರುವುದು ನಿಂತಿತು. ಅವರ ಅನ್ನ ಇದ್ದದ್ದು ಅದರಲ್ಲೇ.

ನಾನು ಅಕ್ಕನ ಮನೆಯಲ್ಲಿ, ಊಟದ ಮೇಜಿನಲ್ಲೇ ಹೇಳಿದೆ. "ಭಾವ, ನೀವು ಅವತ್ತೇ ಗಾಡಿ ತೊಳೆದ್ರಿ. ನಾನು ನೋಡಿದೀನಿ. ಗುಂಪಲ್ಲಿ ಹಾಕಿರೋದು ತೆಗೀರಿ."

"ಅವತ್ತಲ್ಲ ಕಣಮ್ಮ. ಮಾರನೇ ದಿನ, ಅವನು ಹೋದ್ಮೇಲೆ."

"ಮಾರನೇ ದಿನ ನಾನು ಇಲ್ಲಿರ್ಲೇ ಇಲ್ಲ. ನಾನು ನೋಡಿದ್ದು ಭಾನುವಾರ."

"ನಿಂಗೆ ಜ್ಞಾಪಕ ಇರೋದು ಎಷ್ಟರ ಮಟ್ಟಿಗೆ ಅಂತ ನೀನೇ ಹೇಳ್ತಿರ್ತೀಯಲ್ಲ. ನಿಮ್ಮಮ್ಮನ ತಿಥಿ ದಿನ ಮಳೆ ಬಂದಿತ್ತು ಅಂತ ಜಗಳ ಆಡ್ದೆ. ಆಮೇಲೆ ನೀನೇ, ಇಲ್ಲ ಭಾವ, ನನ್ ನೆನಪು ನಂಬಬೇಡಿ ಅಂದೆ. ಅಲ್ವೇನೇ?" ಕೊನೆಯದು ಅಕ್ಕನಿಗೆ. "ಇನ್ನು ಆ ಮಹಾನುಭಾವ ಗಾಜು ಒಡೆದಿದ್ದು ನೀನೇ ನಗ್ತಾ ಹೇಳಿದ್ದು. ನಾನು ಕಟ್ಟಿದ ಕತೆಯಲ್ಲ."

ಅಕ್ಕ ಸಾರಿನ ಸೌಟನ್ನೇ ನೋಡುತ್ತ ನನ್ನ ತಟ್ಟೆಗೆ ಬಡಿಸಿದಳು. ನಾನು ಅನ್ನ ಬಿಟ್ಟು ಎದ್ದೆ. ಮನೆಗೆ ಬಂದು ದಿನಚರಿ ತೆಗೆದರೆ ಆ ಭಾನುವಾರ ಬರೆದಿದ್ದದ್ದು, 'ಅಕ್ಕನ ಮನೆ. ಹೆಸರುಬೇಳೆ ಪಾಯಸ. ಸೆಕೆ.' ದಿನವೂ ಬರೆಯುವವಳು ನಾನು. ಬರೆದದ್ದು ಪಾಯಸ.

ಆಮೇಲೆ ಅವರ ಅಂಗಡಿಗೆ ಹೋದೆ. ಗಾಡಿಗಳಿರಲಿಲ್ಲ. ಗೋಡೆಗೆ ಒರಗಿಸಿದ್ದ ಗಾಜೊಂದರ ಮುಂದೆ ಸ್ಟೂಲು ಹಾಕಿ ಕೂತಿದ್ದರು. ಹಿಂದಿನ ಗೂಡಿನಲ್ಲಿ ಮಣ್ಣಿನ ಪುಟ್ಟ ಬುದ್ಧ, ಅದರ ಪಕ್ಕ ಡ್ರೈಯರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಭಾವ, ನೀರು, ಟೇಪು. ಎಲ್ಲಿ ಬೇಕಾದರೂ, ಯಾರ ಮುಂದೆ ಬೇಕಾದರೂ ಹೇಳುತ್ತೇನೆ ಎಂದೆ.

"ಯಾರ ಮುಂದೆ ಹೇಳ್ತೀರ ಮೇಡಂ? ಅವ್ರ ಗುಂಪಲ್ಲಿ ನೀವೂ ಇಲ್ಲ, ನಾನೂ ಇಲ್ಲ."

ಮತ್ತೆ, "ಬೆಳಿಗ್ಗೆ ತೊಳೆದಿದ್ರಲ್ವಾ ಗಾಡಿನ?" ಎಂದರು.

"ಹೌದು."

"ಮಧ್ಯಾಹ್ನ ಮತ್ತೆ ತೊಳೆದ್ರು."

"ಹೌದು."

ಅವರು ಗಾಜಿನ ಮೇಲೆ ಗೆಣ್ಣಿನಿಂದ ಒಮ್ಮೆ ತಟ್ಟಿದರು. ತಲೆ ಓರೆ ಮಾಡಲಿಲ್ಲ.

"ಸೀಟೂ ತೊಳೆದ್ರಾ ಮೇಡಂ?"

ಹೆಂಡತಿ ಒಳಗಿನಿಂದ, "ಯಾಕ್ರೀ ಅದೆಲ್ಲ ಈಗ? ಬುಡ್ರೀ" ಎಂದರು. ಆ ದನಿಯಲ್ಲಿ ತಮಾಷೆ ಇರಲಿಲ್ಲ. ಒಳಗಿನದು ನನಗೆ ಕಾಣಲಿಲ್ಲ ಎಂದೆ. ಅದು ನಿಜ. ನಿಜ ಹೇಳುತ್ತಿದ್ದೇನೆ ಎಂಬ ಸಮಾಧಾನ ಮಾತ್ರ ಇರಲಿಲ್ಲ.

ಅವರು ಹೋದದ್ದು ಯುಗಾದಿಗೆ ಸ್ವಲ್ಪ ಮೊದಲು. ಎದೆನೋವು. ಮೊದಲೇ ಸಕ್ಕರೆ ಕಾಯಿಲೆ ಇತ್ತು, ಬೀಡಿ ಇತ್ತು. ನನ್ನ ಭಾವನೇ ಕೊಂದರು ಎಂದು ಬರೆದರೆ ಸುಳ್ಳಾಗುತ್ತದೆ, ಬರೆಯುವುದಿಲ್ಲ. ಅವರ ಹೆಸರನ್ನು ಕೊಂದರು ಎಂದು ಬರೆಯಬಲ್ಲೆ. ಗುಂಪಿನಲ್ಲಿ ಆ ಮಾತು ಇನ್ನೂ ಹಾಗೇ ಇದೆ. ಮಳಿಗೆಯಲ್ಲಿ ಈಗ ಯಾರೋ ಜ್ಯೂಸ್ ಅಂಗಡಿ ಇಟ್ಟಿದ್ದಾರೆ. ಹೆಂಡತಿ ಕಡಕೊಳದ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಾರೆ, ಭಾವನ ಕಾರ್ಖಾನೆಯ ಗೇಟಿನ ಮುಂದೆಯೇ ಬಸ್ಸಿಳಿಯುತ್ತಾರೆ. "ನಿಮ್ ಭಾವನ ಗಾಡಿ ದಿನಾ ಕಾಣುತ್ತೆ ಮೇಡಂ. ಕಂಪನಿಯೋರು ಹಾಕಿರೋ ಗಾಜು, ಚೆನ್ನಾಗೇ ಕೂತದೆ" ಎಂದರು ಹೋದ ವಾರ. ಬಿಳಿ ಅಂಗಿಯ ಮಾತು ಬಂದದ್ದು ಆಗಲೇ.

ಅಂದು ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಭಾವನನ್ನು ಕೇಳಿ ಪ್ರಯೋಜನವಿಲ್ಲ, ಅವರ ಬಳಿ ಉತ್ತರ ಸಿದ್ಧವಿರುತ್ತದೆ. ಅತ್ತೆಯನ್ನು ಕೇಳಬೇಕಾಗಿಯೇ ಇಲ್ಲ. ಆ ಬಾಗಿಲಲ್ಲಿ ಬಗ್ಗಿದ್ದವಳು ಅಕ್ಕ. ನನಗೆ ಅಕ್ಷರ ತಿದ್ದಿಸಿದವಳು, ಅಮ್ಮ ಹೋದ ಮೇಲೆ ನನ್ನನ್ನು ಓದಿಸಿದವಳು.

ಗಾಜಿನವರು ತೀರಿಹೋದದ್ದನ್ನು ಹೇಳಿದೆ. "ಅಯ್ಯೋ, ಯಾವಾಗ್ಲೇ? ಪಾಪ, ಆ ಹೆಂಗಸು" ಎಂದಳು. ಆ ಪಾಪ ನಿಜವಾದದ್ದೇ. ಅವಳ ದನಿ ನನಗೆ ಗೊತ್ತು. ಆಮೇಲೆ ನಾನು ಕೇಳಿದೆ. ಅತ್ತ ಕಡೆ ಕುಕ್ಕರು ಕೂಗಿತು, ನಲ್ಲಿಯ ನೀರು ನಿಂತಿತು. "ಒಲೆ ಮೇಲಿಟ್ಟಿದೀನಿ ಕಣೇ, ಆಮೇಲೆ ಮಾಡ್ತೀನಿ" ಎಂದು ಇಟ್ಟಳು. ಆಮೇಲೆ ಫೋನ್ ಮಾಡಿದ್ದಾಳೆ. ದಿನವೂ ಮಾಡುತ್ತಾಳೆ. ಮಾವಿನಕಾಯಿ ಬಂದಿದೆ, ಉಪ್ಪಿನಕಾಯಿಗೆ ಬಾ ಎನ್ನುತ್ತಾಳೆ. ಕೇಳಿದ್ದಕ್ಕೆ ಮಾತ್ರ ಇನ್ನೂ ಏನೂ ಹೇಳಿಲ್ಲ.

ನಾನು ಕೇಳಿದ್ದು ಇಷ್ಟೇ: "ಅಕ್ಕಾ, ಅವತ್ತು ಸೀಟೂ ತೊಳೆದ್ಯಾ?"